ನೆರೆಹೊರೆಯವರ ಹೊಣೆ



ಮನೆಯನ್ನೂ ನಾಡನ್ನೂ ಕಳೆದುಕೊಂಡು ಬಂದವನಿಗೆ ಬೇಕಾದುದು ಏನು? ಅನ್ನ, ಬಟ್ಟೆ, ಸೂರು ಎಂದು ನಾವು ಕೂಡಲೆ ಉತ್ತರ ಕೊಡುತ್ತೇವೆ. ಉತ್ತರವು ಸರಿಯಾದುದೇ, ಆದರೆ ಪೂರ್ಣವಲ್ಲ. ಇವಿಷ್ಟನ್ನು ಸರ್ಕಾರವು ಶಿಬಿರದಲ್ಲಿಯೂ ಒದಗಿಸಬಲ್ಲುದು. ಅಲ್ಲಿ ದೊರೆಯದಿರುವುದು ಹೆಸರು ಹಿಡಿದು ಕರೆಯುವ ನೆರೆಹೊರೆ. ಈ ಕೊರತೆಯನ್ನು ನೀಗಲು ಕೆನಡಾ ದೇಶದಲ್ಲಿ ನಡೆದ ಒಂದು ಪ್ರಯೋಗದ ವಿಚಾರವಾಗಿ ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

1975ರ ಏಪ್ರಿಲ್ ತಿಂಗಳಲ್ಲಿ ಸೈಗಾನ್ ನಗರವು ಪತನವಾದ ಮೇಲೆ ವಿಯೆಟ್ನಾಂ, ಲಾವೋಸ್, ಕಾಂಬೋಡಿಯ ದೇಶಗಳಿಂದ ಲಕ್ಷಾಂತರ ಜನರು ಹೊರಬಿದ್ದರು. ಅನೇಕರು ಸಣ್ಣ ದೋಣಿಗಳಲ್ಲಿ ಕಡಲಿಗಿಳಿದರು. ಎಷ್ಟೋ ಮಂದಿ ನೀರುಪಾಲಾದರು. 1978ರ ನವೆಂಬರಿನಲ್ಲಿ ಸುಮಾರು 2,500 ಜನರನ್ನು ತುಂಬಿಕೊಂಡು ಮಲೇಷ್ಯದ ಕರಾವಳಿಗೆ ಬಂದ ‘ಹೈ ಹಾಂಗ್’ ಎಂಬ ಹಳೆಯ ಹಡಗಿನವರಿಗೆ ದಡಕ್ಕಿಳಿಯಲು ಅಪ್ಪಣೆ ದೊರೆಯಲಿಲ್ಲ. ಈ ಸುದ್ದಿಯಿಂದ ಕೆನಡಾದ ಜನರ ಮನಸ್ಸು ಕರಗಿತು. ಆದರೆ ಮರುಕವೊಂದರಿಂದಲೇ ಕಾರ್ಯವಾಗುವುದಿಲ್ಲ; ಅದಕ್ಕೊಂದು ವ್ಯವಸ್ಥೆ ಬೇಕು. 1976ರಲ್ಲಿ ಅಂಗೀಕೃತವಾಗಿ 1978ರಲ್ಲಿ ಜಾರಿಗೆ ಬಂದ ಅಲ್ಲಿಯ ವಲಸೆ ಶಾಸನವು ಆ ವ್ಯವಸ್ಥೆಗೆ ದಾರಿಮಾಡಿಕೊಟ್ಟಿತ್ತು. ಐದು ಮಂದಿ ನಾಗರಿಕರು ಒಟ್ಟುಗೂಡಿ, ಅಥವಾ ಒಂದು ಚರ್ಚಾಗಲಿ ಸಂಘವಾಗಲಿ ಮುಂದೆ ಬಂದು, ಒಂದು ನಿರಾಶ್ರಿತ ಕುಟುಂಬದ ಹೊಣೆಯನ್ನು ಹೊರಬಹುದಾಗಿತ್ತು.

ಈ ಹೊಣೆಯ ಸ್ವರೂಪವನ್ನು ತುಸು ವಿವರವಾಗಿ ನೋಡೋಣ. ಬಂದವರನ್ನು ವಿಮಾನ ನಿಲ್ದಾಣದಲ್ಲಿ ಎದುರುಗೊಳ್ಳಬೇಕು. ಮನೆಯನ್ನು ಹುಡುಕಿ ಬಾಡಿಗೆ ಕೊಡಬೇಕು. ಹಿಮಗಾಲಕ್ಕೆ ತಕ್ಕ ಉಡುಪನ್ನು ಒದಗಿಸಬೇಕು. ಮಕ್ಕಳನ್ನು ಶಾಲೆಗೆ ಸೇರಿಸಬೇಕು. ವೈದ್ಯರಲ್ಲಿಗೂ ಬ್ಯಾಂಕಿಗೂ ಜೊತೆಯಲ್ಲಿ ಹೋಗಬೇಕು. ಭಾಷೆ ಕಲಿಯಲೂ ಕೆಲಸ ಹುಡುಕಲೂ ನೆರವಾಗಬೇಕು. ಸಾಮಾನ್ಯವಾಗಿ ಇದರ ಅವಧಿ ಒಂದು ವರ್ಷ. ಚಂದಾ ಕೊಟ್ಟು ರಸೀದಿ ಪಡೆದು ಮರೆತುಬಿಡುವ ದಾನವಲ್ಲ ಇದು. ಹೊತ್ತುಗೊತ್ತಿಲ್ಲದೆ ಬಾಗಿಲು ತಟ್ಟಬಹುದಾದ ಸಂಬಂಧ.

1979ರ ಜುಲೈಯಲ್ಲಿ ಕೆನಡಾ ಸರ್ಕಾರವು, ಮುಂದಿನ ವರ್ಷದ ಕೊನೆಯೊಳಗೆ 50,000 ಮಂದಿಯನ್ನು ಬರಮಾಡಿಕೊಳ್ಳುವುದಾಗಿ ಸಾರಿತು. ನಾಗರಿಕರು ಒಬ್ಬರ ಹೊಣೆ ಹೊತ್ತರೆ ಸರ್ಕಾರವೂ ಮತ್ತೊಬ್ಬರ ಹೊಣೆ ಹೊರುವುದೆಂಬುದು ಒಪ್ಪಂದ. ಜನರ ಉತ್ಸಾಹವು ಸರ್ಕಾರದ ಎಣಿಕೆಯನ್ನು ಮೀರಿತು. 1979–80ರಲ್ಲಿ ಬಂದ ಸುಮಾರು 60,000 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರು ನಾಗರಿಕರ ಆಶ್ರಯದಲ್ಲಿಯೇ ಬಂದವರು. 1986ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಶಾಖೆಯು ನಾನ್ಸೆನ್ ಪದಕವನ್ನು ಕೆನಡಾದ ಸಮಸ್ತ ಜನತೆಗೇ ಅರ್ಪಿಸಿತು.

ಇಷ್ಟನ್ನೇ ಹೇಳಿ ಮುಗಿಸಿದರೆ ಕಥೆ ಸೊಗಸಾಗಿರುತ್ತದೆ. ಆದರೆ ಸತ್ಯವು ಅರ್ಧವಾಗುತ್ತದೆ. 1979ರ ಡಿಸೆಂಬರಿನಲ್ಲಿ ಸರ್ಕಾರವು, ಜನರೇ ಇಷ್ಟೊಂದು ಮಂದಿಯನ್ನು ಕರೆತರುತ್ತಿರುವಾಗ ತನ್ನ ಪಾಲನ್ನು ಕಡಿಮೆಮಾಡಬಹುದೆಂದು ನಿಶ್ಚಯಿಸಿತು. ಹೊಣೆ ಹೊತ್ತವರು ಕೆರಳಿದರು. ಅವರು ದುಡಿದುದು ಇನ್ನಷ್ಟು ಜನರು ಬದುಕಲೆಂದು, ಬೊಕ್ಕಸಕ್ಕೆ ಉಳಿತಾಯವಾಗಲೆಂದಲ್ಲ. ಅನಂತರ ಬಂದ ಸರ್ಕಾರವು 1980ರ ಏಪ್ರಿಲಿನಲ್ಲಿ 10,000 ಮಂದಿಯನ್ನು ಹೆಚ್ಚಾಗಿ ಸೇರಿಸಿಕೊಂಡಿತು. ಜನರ ಔದಾರ್ಯವು ಸರ್ಕಾರದ ಕರ್ತವ್ಯಕ್ಕೆ ಕೂಡಿಕೆಯಾಗಬೇಕೇ ಹೊರತು ಬದಲಿಯಾಗಕೂಡದು ಎಂಬ ತತ್ತ್ವವು ಈ ವಿವಾದದಿಂದ ಸ್ಪಷ್ಟವಾಯಿತು.

ಎರಡನೆಯ ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ನಮ್ಮ ಬೈಲುಕುಪ್ಪೆಯಲ್ಲಿ 1960ರ ಸುಮಾರಿಗೆ ಟಿಬೆಟಿನವರಿಗೆ ಸರ್ಕಾರವು ಭೂಮಿ ಕೊಟ್ಟಾಗ ಅವರು ತಮ್ಮವರೊಡನೆ ಗುಂಪಾಗಿ ನೆಲೆಸಿದರು. ಕೆನಡಾದ ಕ್ರಮದಲ್ಲಾದರೋ ಒಂದು ಕುಟುಂಬವು ಒಂಟಿಯಾಗಿ ಅಪರಿಚಿತರ ಬೀದಿಗೆ ಬಂದಿಳಿಯುತ್ತದೆ. ಬಾಡಿಗೆ ಕೊಡುವವರೇ ಬುದ್ಧಿಯನ್ನೂ ಹೇಳತೊಡಗಿದರೆ ಏನು ಗತಿ? ಯಾವ ಕೆಲಸ ಹಿಡಿಯಬೇಕು, ಹಣವನ್ನು ಹೇಗೆ ಖರ್ಚುಮಾಡಬೇಕು, ಯಾವ ದೇವರಿಗೆ ಕೈಮುಗಿಯಬೇಕು ಎಂಬುದರಲ್ಲಿ ಅವರು ಕೈಹಾಕಿದರೆ ಆಶ್ರಯವು ಹಂಗಾಗುತ್ತದೆ. ಹಂಗಿನ ಅನ್ನವು ಎಷ್ಟು ಕಹಿಯೆಂಬುದನ್ನು ಕನ್ನಡಿಗರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಬಂದವನು ‘ಬೇಡ’ ಎನ್ನಬಲ್ಲನೇ ಎಂಬುದೇ ಒಳ್ಳೆಯ ಆಶ್ರಯಕ್ಕೆ ಒರೆಗಲ್ಲು.

1979ರಿಂದೀಚೆಗೆ ಈ ಮಾರ್ಗವಾಗಿ ಕೆನಡಾವನ್ನು ಸೇರಿದವರು ಮೂರು ಲಕ್ಷವನ್ನು ಮೀರಿದ್ದಾರೆ. ಬ್ರಿಟನ್ 2016ರಲ್ಲಿ ಇದೇ ಮಾದರಿಯನ್ನು ಕೈಗೊಂಡಿತು. ಅಮೆರಿಕವು 2023ರಲ್ಲಿ ಆರಂಭಿಸಿದ ಯೋಜನೆಯಾದರೋ 2025ರಲ್ಲಿ ನಿಂತುಹೋಯಿತು. ಕೆನಡಾವೂ ಅರ್ಜಿಗಳು ರಾಶಿಬಿದ್ದ ಕಾರಣದಿಂದ, ಐವರ ಗುಂಪುಗಳ ಹೊಸ ಅರ್ಜಿಗಳನ್ನು 2024ರ ನವೆಂಬರಿನಲ್ಲಿ ತಡೆಹಿಡಿಯಿತು. ನೆರೆಯವರು ಎಷ್ಟೇ ಸಿದ್ಧರಾಗಿದ್ದರೂ ದೇಶದ ಬಾಗಿಲನ್ನು ತೆರೆಯುವ ಅಧಿಕಾರವು ಸರ್ಕಾರದ್ದೇ ಎಂಬುದು ಇದರಿಂದ ವಿದಿತವಾಗುತ್ತದೆ.

ಆದುದರಿಂದ ಇಲ್ಲಿ ಎರಡು ಕರ್ತವ್ಯಗಳಿವೆ. ಬಾಗಿಲನ್ನು ತೆರೆಯುವುದು ಸರ್ಕಾರದ ಕರ್ತವ್ಯ. ಒಳಗೆ ಬಂದವನನ್ನು ಊರಿನವನನ್ನಾಗಿ ಮಾಡಿಕೊಳ್ಳುವುದು ಊರಿನ ಕರ್ತವ್ಯ. ಒಂದನ್ನು ಮತ್ತೊಂದರ ಮೇಲೆ ಹೊರಿಸುವುದು ಸಲ್ಲದು. ವರ್ಷ ತುಂಬಿದ ಮೇಲೆ ಆ ಕುಟುಂಬಕ್ಕೆ ಹೊಣೆಗಾರರ ಅವಶ್ಯಕತೆ ಇಲ್ಲದೆ ಹೋಗಬೇಕು. ಆಮೇಲೂ ಅವರೊಡನೆ ಹೋಗಿಬರುವುದು ನಿಲ್ಲದಿದ್ದರೆ, ಅದು ಉಪಕಾರದ ಲೆಕ್ಕವನ್ನು ದಾಟಿದ ಸ್ನೇಹ. ಅಲ್ಲಿಗೆ ಈ ಪ್ರಯೋಗವು ಸಾರ್ಥಕವಾಯಿತೆಂದು ಹೇಳಬಹುದು.