ಮ್ಯಾಂಚೆಸ್ಟರಿನ ಸಭೆ

(ಸಂಸ್ಥೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಮ್ಯಾಂಚೆಸ್ಟರ್ ಎಂದೊಡನೆ ನಮ್ಮ ಹಿರಿಯರ ನೆನಪಿಗೆ ಬರುತ್ತಿದ್ದುದು ಬಟ್ಟೆ. ನಮ್ಮ ಹಳ್ಳಿಗಳ ರಾಟೆಯನ್ನು ಮೂಲೆಗೊತ್ತಿದ ಆ ಊರಿನ ಹೆಸರು, ಗಿರಣಿಯ ಭೋಂಗಾ ಕೇಳಿ ಹೊತ್ತನ್ನರಿಯುತ್ತಿದ್ದ ಸೊಲ್ಲಾಪುರದವರಿಗೆ ಹೊಸದಲ್ಲ. ಅದೇ ಊರಿನಲ್ಲಿ 1945ರ ಅಕ್ಟೋಬರ್ 15ರಿಂದ 21ರ ವರೆಗೆ ಐದನೆಯ ಅಖಿಲ ಆಫ್ರಿಕನ್ ಕಾಂಗ್ರೆಸ್ಸು ನೆರೆಯಿತು. ಅದರ ವಿಷಯವಾಗಿ ನಾಲ್ಕು ಮಾತುಗಳನ್ನು ತಮ್ಮ ಮುಂದಿಡಬಯಸುತ್ತೇವೆ.

ಇಂಥ ಪರಿಷತ್ತುಗಳು ಮೊದಲೂ ನಡೆದಿದ್ದುವು. 1900ರಲ್ಲಿ ಟ್ರಿನಿಡಾಡಿನ ಹೆನ್ರಿ ಸಿಲ್ವೆಸ್ಟರ್ ವಿಲಿಯಮ್ಸರು ಲಂಡನ್ನಿನಲ್ಲಿಯೂ, 1919ರಲ್ಲಿ ಅಮೆರಿಕೆಯ ವಿದ್ವಾಂಸರಾದ ಡು ಬೋಯಿಸರು ಪ್ಯಾರಿಸಿನಲ್ಲಿಯೂ ಕರಿಯ ಜನರ ಪ್ರತಿನಿಧಿಗಳನ್ನು ಕೂಡಿಸಿದ್ದರು. ಸೇರಿದವರು ಬಹುಮಟ್ಟಿಗೆ ಓದುಬರಹ ಬಲ್ಲ ಗಣ್ಯರು. ಅವರು ವಿನಯದಿಂದ ಮನವಿ ಬರೆದರು, ಆಳುವವರು ಕಿವಿಗೊಡಲಿಲ್ಲ.

1945ರಲ್ಲಿ ಆದ ವ್ಯತ್ಯಾಸವನ್ನು ತಿಳಿಯಬೇಕಾದರೆ ಜಾರ್ಜ್ ಪ್ಯಾಡ್ಮೋರರನ್ನು ಅರಿಯಬೇಕು. ಟ್ರಿನಿಡಾಡಿನಲ್ಲಿ ಹುಟ್ಟಿದ ಇವರು 1930ರಲ್ಲಿಯೇ ಹ್ಯಾಂಬರ್ಗಿನಲ್ಲಿ ಕರಿಯ ಕಾರ್ಮಿಕರ ಪರಿಷತ್ತನ್ನು ಸಂಘಟಿಸಿದವರು. ಇವರ ಪತ್ರಿಕೆಯನ್ನು ಹಡಗಿನ ಆಳುಗಳು ಗುಟ್ಟಾಗಿ ಬಂದರಿನಿಂದ ಬಂದರಿಗೆ ಒಯ್ಯುತ್ತಿದ್ದರು. 1933ರಲ್ಲಿ ನಾಜಿಗಳು ಇವರನ್ನು ಸೆರೆಹಿಡಿದು ದೇಶದಿಂದ ಹೊರಗಟ್ಟಿದರು. ವಸಾಹತುಗಳ ಪ್ರಶ್ನೆಯಲ್ಲಿ ಮಾಸ್ಕೋ ದನಿ ತಗ್ಗಿಸಿತೆಂದು ಕಂಡಾಗ ಕಮ್ಯುನಿಸ್ಟರ ಸಂಗವನ್ನೂ ತೊರೆದರು. ಅಭಯ ಕೊಟ್ಟವರ ಎದುರೂ ಸ್ವಂತ ಮಾತು ಉಳಿಸಿಕೊಂಡ ಈ ಗುಣವೇ ಅವರ ದೊಡ್ಡತನವೆಂದು ನಮ್ಮ ಎಣಿಕೆ.

1945ರ ಫೆಬ್ರುವರಿಯಲ್ಲಿ ಲಂಡನ್ನಿನ ಜಾಗತಿಕ ಕಾರ್ಮಿಕ ಸಮ್ಮೇಳನಕ್ಕೆ ವಸಾಹತುಗಳ ಕಾರ್ಮಿಕ ಮುಖಂಡರು ಬಂದರು. ಪ್ಯಾಡ್ಮೋರರೂ ಅವರ ಸಂಗಡಿಗರೂ ಅವರನ್ನು ಮ್ಯಾಂಚೆಸ್ಟರಿಗೆ ಕರೆದು ಕಾಂಗ್ರೆಸ್ಸಿನ ಯೋಚನೆ ಮಾಡಿದರು. ಅದೇ ಮುಖಂಡರು ಪ್ಯಾರಿಸಿನಲ್ಲಿ ಮತ್ತೆ ಕೂಡುವವರಿದ್ದರು. ಒಂದೇ ಪ್ರಯಾಣದಲ್ಲಿ ಎರಡೂ ಕಾರ್ಯ ಸಾಗಲೆಂದು ಅದರ ಬೆನ್ನಿಗೇ ಸಭೆಯನ್ನಿಟ್ಟರು. ಹಣಕ್ಕೆ ನೆರವಾದವರಲ್ಲಿ ರಾಸ್ ಮಕೋನೆನ್ ಎಂಬವರೊಬ್ಬರು. ಮ್ಯಾಂಚೆಸ್ಟರಿನಲ್ಲಿ ಅವರ ಉಪಾಹಾರಗೃಹಗಳಿದ್ದುವು. ಸಾಮ್ರಾಜ್ಯವನ್ನು ಅಲುಗಿಸಿದ ಸಭೆಗೆ ಹೋಟೆಲಿನ ಗಲ್ಲೆಯ ದುಡ್ಡು ಒದಗಿತೆಂಬುದು ನಮಗೆ ಪ್ರಿಯವಾದ ಸಂಗತಿ.

ನೈಜೀರಿಯದ ಕಾರ್ಮಿಕರು ಆ ವರ್ಷವೇ ತುಟ್ಟಿಭತ್ಯಕ್ಕಾಗಿ ವಾರಗಟ್ಟಲೆ ಸಾರ್ವತ್ರಿಕ ಮುಷ್ಕರ ಹೂಡಿದ್ದರು. ಸಭೆಯ ದನಿಯಲ್ಲಿ ಆ ಬಲ ಕೇಳಿಸಿತು. ವಯೋವೃದ್ಧ ಡು ಬೋಯಿಸರ ಸಂಗಡ, ಹೊರಗೆ ಇನ್ನೂ ಹೆಸರಾಗದ ಎನ್‌ಕ್ರುಮ, ಕೆನ್ಯಾಟರು ಕುಳಿತಿದ್ದರು. ಎನ್‌ಕ್ರುಮರು ಬರೆದ ಘೋಷಣೆಯು ವಸಾಹತುಗಳ ಕಾರ್ಮಿಕರನ್ನೂ ರೈತರನ್ನೂ ಸಂಬೋಧಿಸಿ, ಮುಷ್ಕರ ಬಹಿಷ್ಕಾರಗಳೇ ಅವರ ಆಯುಧಗಳೆಂದಿತು. ಎಮಿ ಆಶ್‌ವುಡ್ ಗಾರ್ವಿಯವರು ಎದ್ದುನಿಂತು, ಕರಿಯ ಹೆಂಗಸಿನ ಬಾಳನ್ನು ಯಾರೂ ಎಣಿಸಿಲ್ಲವೆಂದು ನೇರವಾಗಿ ಆಕ್ಷೇಪಿಸಿದರು. ಮಾತನಾಡಿದ ಮಹಿಳೆಯರು ಅವರೂ ಜಮೈಕದ ಆಲ್ಮಾ ಲಾ ಬಾಡಿಯವರೂ ಮಾತ್ರ.

ಗೋಲ್ಡ್ ಕೋಸ್ಟಿನಲ್ಲಿ 1950ರ ಜನವರಿಯಲ್ಲಿ ಆ ಘೋಷಣೆ ಕಾರ್ಯಕ್ಕಿಳಿಯಿತು. ಗಾಂಧೀಜಿಯವರ ಮಾರ್ಗದಿಂದ ಕಲಿತೆನೆಂದು ಎನ್‌ಕ್ರುಮರೇ ಒಪ್ಪಿದ ಅಹಿಂಸಾತ್ಮಕ ಚಳವಳಿಗೆ ಸೆಕಾಂಡಿಯ ರೈಲ್ವೆ ಕಾರ್ಮಿಕರು ಬೆನ್ನೆಲುಬಾದರು. ಎನ್‌ಕ್ರುಮರು ಸೆರೆಮನೆ ಸೇರಿದರು. 1951ರಲ್ಲಿ ಸೆರೆಯಲ್ಲಿದ್ದೇ ಚುನಾವಣೆ ಗೆದ್ದರು. 1957ರ ಮಾರ್ಚ್ 6ರಂದು ಘಾನ ಸ್ವತಂತ್ರವಾಯಿತು.

ಕಥೆ ಇಲ್ಲಿಗೇ ನಿಂತಿದ್ದರೆ ಕೇಳುವುದಕ್ಕೆ ಸೊಗಸಾಗಿರುತ್ತಿತ್ತು. 1961ರಲ್ಲಿ ಸ್ವತಂತ್ರ ಘಾನದ ಸರಕಾರ ಸಂಬಳದಲ್ಲಿ ಕಡ್ಡಾಯ ಉಳಿತಾಯದ ಕಡಿತ ಮಾಡಿತು. ಅದೇ ಸೆಕಾಂಡಿಯ ರೈಲ್ವೆ ಕಾರ್ಮಿಕರು ಸೆಪ್ಟೆಂಬರಿನಲ್ಲಿ ಕೆಲಸ ನಿಲ್ಲಿಸಿದರು. ಮ್ಯಾಂಚೆಸ್ಟರಿನಲ್ಲಿ ಆಯುಧವೆಂದು ಹೊಗಳಲ್ಪಟ್ಟ ಮುಷ್ಕರವನ್ನು ಎನ್‌ಕ್ರುಮರ ಸರಕಾರವೇ ಮುರಿಯಿತು. ಅದರ ಮುಂದಾಳುಗಳನ್ನು ವಿಚಾರಣೆಯಿಲ್ಲದೆ ಸೆರೆಯಲ್ಲಿಟ್ಟಿತು.