ವಿದ್ಯುದ್ವಿಭವ: ಹರಿಯದಿರುವಾಗಲೂ ಇರುವುದು
(ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಿಜ್ಞಾನದ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದವರು ನಮಗೆ ಅಪ್ಪಣೆ ಮಾಡಿದ್ದಾರೆ. ಭೌತಶಾಸ್ತ್ರವನ್ನು ಹೊಸದಾಗಿ ಕಲಿಯುವವರಿಗೆ ಬಹಳ ತೊಡಕೆನಿಸುವ ವಿದ್ಯುದ್ವಿಭವವನ್ನೇ ನಾವು ಆರಿಸಿಕೊಂಡಿದ್ದೇವೆ.

ಈ ತೊಡಕಿಗೆ ಮೊದಲನೆಯ ಕಾರಣ ನಮ್ಮ ಮಾತಿನಲ್ಲಿಯೇ ಇದೆ. ದೀಪ ಆರಿದರೆ 'ಕರೆಂಟು ಹೋಯಿತು' ಎನ್ನುತ್ತೇವೆ. ತಂತಿ ತಗುಲಿ ಕೈ ಜುಮ್ಮೆಂದರೆ 'ಕರೆಂಟು ಹೊಡೆಯಿತು' ಎನ್ನುತ್ತೇವೆ. ಕರೆಂಟೆಂದರೆ ಪ್ರವಾಹ. ಪ್ರವಾಹಕ್ಕೆ ಕಾರಣವಾದುದು ಬೇರೆ, ಅದೇ ವಿಭವಾಂತರ. ಕಾರ್ಯಕ್ಕೂ ಕಾರಣಕ್ಕೂ ಒಂದೇ ಹೆಸರಿಟ್ಟುಕೊಂಡುದರಿಂದ ಪಾಠ ತೊಡಕಾಗುವುದು ಮಾತ್ರವಲ್ಲ, ಕೆಲವೊಮ್ಮೆ ಪ್ರಾಣಕ್ಕೇ ಕುತ್ತು ಬರುವುದುಂಟು.

ನಮ್ಮ ಸೀಮೆಯ ದೃಷ್ಟಾಂತವನ್ನೇ ನೋಡೋಣ. ನೀಲಗಿರಿಯ ಪೈಕಾರದ ನೀರನ್ನು 3,000 ಅಡಿಗೂ ಹೆಚ್ಚು ಕೆಳಕ್ಕೆ ಬೀಳಿಸಿ 1932ರಲ್ಲಿ ವಿದ್ಯುತ್ತನ್ನು ಪಡೆಯತೊಡಗಿದರು. ಕೊಯಮತ್ತೂರಿನ ನೂಲಿನ ಗಿರಣಿಗಳು ಬೆಳೆದುದಕ್ಕೆ ಅದು ದೊಡ್ಡ ಆಸರೆಯಾಯಿತು. ಅಲ್ಲಿ ಕೆಲಸ ಮಾಡಿದುದು ನೀರಿನ ಮೊತ್ತವೊಂದೇ ಅಲ್ಲ, ಮೇಲಿನ ನೆಲೆಗೂ ಕೆಳಗಿನ ನೆಲೆಗೂ ಇರುವ ಎತ್ತರದ ಅಂತರ. ನಮ್ಮ ಜಿಲ್ಲೆಯದೇ ಆದ ಕಾಡಂಪಾರೈ ಕೇಂದ್ರದಲ್ಲಿ ಇನ್ನೊಂದು ವಿಶೇಷವುಂಟು. ವಿದ್ಯುತ್ತಿನ ಬೇಡಿಕೆ ಕಡಿಮೆಯಿರುವಾಗ ಕೆಳಗಿನ ಮೇಲಾಳಿಯಾರು ಜಲಾಶಯದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತುತ್ತಾರೆ. ಬೇಡಿಕೆ ಹೆಚ್ಚಿದಾಗ ಅದನ್ನೇ ಬೀಳಿಸಿ ವಿದ್ಯುತ್ತನ್ನು ಪಡೆಯುತ್ತಾರೆ.

ವಿದ್ಯುನ್ಮಂಡಲದಲ್ಲಿಯೂ ಹೀಗೆಯೇ. ವಿದ್ಯುತ್ಕೋಶವು ಎತ್ತುವ ಯಂತ್ರ. ದೀಪವು ಬೀಳುವ ಸ್ಥಳ. ಎತ್ತುವುದೂ ಬೀಳುವುದೂ ಇಲ್ಲಿ ಏಕಕಾಲದಲ್ಲಿ ನಡೆಯುತ್ತವೆ. ಒಂದು ಕೂಲಂಬ್ ಆವೇಶವು ಒಂದು ಬಿಂದುವಿನಿಂದ ಇನ್ನೊಂದಕ್ಕೆ ಸಾಗುವಾಗ ಒಂದು ಜೌಲ್ ಕೆಲಸವಾದರೆ, ಆ ಬಿಂದುಗಳ ವಿಭವಾಂತರ ಒಂದು ವೋಲ್ಟ್. 1800ರಲ್ಲಿ ಮೊದಲ ವಿದ್ಯುತ್ಕೋಶಗಳ ಸಾಲನ್ನು ಲೋಕಕ್ಕೆ ತಿಳಿಸಿದ ಇಟಲಿಯ ವೋಲ್ಟಾ ಮಹಾಶಯನ ಸ್ಮರಣಾರ್ಥವಾಗಿ ಈ ಹೆಸರು ಬಂದಿತು.

ವಿದ್ಯಾರ್ಥಿಗಳೆ, 1.5 ವೋಲ್ಟಿನ ಎರಡು ಕೋಶಗಳು, ಒಂದೇ ಬಗೆಯ ಎರಡು ಪುಟ್ಟ ಟಾರ್ಚು ಬಲ್ಬುಗಳು, ಒಂದು ಸ್ವಿಚ್ಚು ಇವುಗಳನ್ನು ಒಂದರ ಮುಂದೊಂದಾಗಿ ಜೋಡಿಸಿರಿ. ಸ್ವಿಚ್ಚನ್ನು ಒತ್ತಿ ವೋಲ್ಟ್‌ಮೀಟರಿನಿಂದ ಅಳೆದರೆ, ಕೋಶಗಳೆರಡರ ತುದಿಗಳ ನಡುವೆ ಸುಮಾರು 3 ವೋಲ್ಟ್, ಒಂದೊಂದು ಬಲ್ಬಿಗೂ ಸುಮಾರು 1.5 ವೋಲ್ಟ್ ಕಾಣುವುವು. ಏರಿದಷ್ಟೇ ಇಳಿಯಿತು. ಬಲ್ಬು ಪ್ರವಾಹವನ್ನು ತಿಂದುಬಿಡುವುದೆಂದು ಅನೇಕರು ತಿಳಿಯುವುದುಂಟು, ಅದು ತಪ್ಪು. ಬಲ್ಬಿನ ಹಿಂದೆಯೂ ಮುಂದೆಯೂ ಪ್ರವಾಹ ಒಂದೇ, ಇಳಿದುದು ವಿಭವ.

ಈಗ ಸ್ವಿಚ್ಚನ್ನು ಬಿಡಿರಿ. ದೀಪಗಳು ಆರುವುವು, ಅವುಗಳ ತುದಿಗಳ ನಡುವೆ ಸೊನ್ನೆ. ಆದರೆ ಬಿಟ್ಟ ಸ್ವಿಚ್ಚಿನ ಎರಡು ತುದಿಗಳ ನಡುವೆ ಅಳೆಯಿರಿ: ಪೂರ್ತಿ 3 ವೋಲ್ಟ್! ಪ್ರವಾಹವೇ ಇಲ್ಲದೆಡೆ ಇದೆಲ್ಲಿಂದ ಬಂದಿತು? ತೂಬು ಮುಚ್ಚಿದ ಕೆರೆಯನ್ನು ನೆನೆಯಿರಿ. ನೀರು ಹರಿಯುತ್ತಿಲ್ಲ, ಆದರೂ ತೂಬಿನ ಒಂದು ಕಡೆ ತುಂಬು ನೀರು, ಇನ್ನೊಂದು ಕಡೆ ಬರಿದು. ಪ್ರವಾಹವಿಲ್ಲದುದರಿಂದ ಬಲ್ಬುಗಳಲ್ಲಿ ಇಳಿತವೇ ಇಲ್ಲ. ಅಂತರವೆಲ್ಲವೂ ಸ್ವಿಚ್ಚಿನಲ್ಲಿ ಬಂದು ನಿಂತಿದೆ. ಇದು ತಿಳಿದರೆ ಪಾಠದ ಮುಖ್ಯಾಂಶ ತಿಳಿದಂತೆ.

ಪೋಷಕರಿಗೂ ಒಂದು ಮಾತು. ಮನೆಯಲ್ಲಿ ಇರುವುದು 3 ವೋಲ್ಟ್ ಅಲ್ಲ, 230 ವೋಲ್ಟ್. ಸ್ವಿಚ್ಚನ್ನು ತಪ್ಪು ತಂತಿಗೆ ಜೋಡಿಸಿದ್ದರೆ, ದೀಪ ಆರಿದ್ದರೂ ಹೋಲ್ಡರಿಗೂ ಭೂಮಿಗೂ ನಡುವೆ ಆ 230 ವೋಲ್ಟೂ ಇದ್ದೇ ಇರುತ್ತದೆ. 'ದೀಪ ಉರಿಯುತ್ತಿಲ್ಲ, ಕರೆಂಟಿಲ್ಲ' ಎಂದು ಮುಟ್ಟಿದವನ ದೇಹವೇ ಆಗ ತೆರೆದ ತೂಬಾಗುವುದು. ಒಂದೇ ತಂತಿಯ ಮೇಲೆ ಕುಳಿತ ಕಾಗೆಗೆ ಕೇಡಿಲ್ಲ; ಅದರ ಎರಡು ಕಾಲುಗಳಿಗೂ ವಿಭವ ಹೆಚ್ಚುಕಡಿಮೆ ಒಂದೇ. ನೆಲದ ಮೇಲೆ ನಿಂತ ನಮಗೆ ಆ ಸೌಲಭ್ಯವಿಲ್ಲ. ಆದುದರಿಂದ ತೋಟದ ಪಂಪುಸೆಟ್ಟನ್ನಾಗಲಿ ಮಗ್ಗದ ಮೋಟಾರನ್ನಾಗಲಿ ರಿಪೇರಿಗೆ ಬಿಚ್ಚುವ ಮೊದಲು ಮೆಯಿನ್ ಸ್ವಿಚ್ಚನ್ನು ತೆಗೆಯಿರಿ; ಆಮೇಲೂ ಬಲ್ಲವರಿಂದ ಪರೀಕ್ಷೆ ಮಾಡಿಸಿರಿ. ಕಡಿದು ಬಿದ್ದ ತಂತಿ ಎಷ್ಟು ಸುಮ್ಮನೆ ಬಿದ್ದಿದ್ದರೂ ಹತ್ತಿರ ಹೋಗದೆ, ಇತರರನ್ನೂ ಹೋಗಗೊಡದೆ, ವಿದ್ಯುತ್ ಇಲಾಖೆಯವರಿಗೆ ತಿಳಿಸಿರಿ.

ಮಕ್ಕಳೆ, ಪ್ರಯೋಗಗಳನ್ನು ಟಾರ್ಚಿನ ಕೋಶಗಳಿಂದಲೇ ಮಾಡಿರಿ; ಗೋಡೆಯ ಸಾಕೆಟ್ಟಿನ ಬಳಿ ಖಂಡಿತ ಬೇಡ. ಇನ್ನು ಮುಂದೆ ದೀಪ ಆರಿದಾಗ 'ಕರೆಂಟು ಹೋಯಿತು' ಎಂದೇ ಹೇಳಿರಿ, ಬಾಧಕವಿಲ್ಲ. ಆದರೆ 'ವಿಭವ ಹೋಯಿತೆ?' ಎಂದು ಮನಸ್ಸಿನಲ್ಲಿ ಒಮ್ಮೆ ಕೇಳಿಕೊಳ್ಳಿರಿ. ಅಷ್ಟಾದರೆ ನಮ್ಮ ಈ ಮಾತುಗಳು ಸಾರ್ಥಕವಾದಂತೆ.