ಎಣ್ಣೆ ಸೋರುವ ಎಂಜಿನ್ನು: ಬಿಚ್ಚುವ ಮೊದಲು ನೋಡತಕ್ಕದ್ದು

(ಪುಣೆಯಲ್ಲಿ ಕಾರ್ಮಿಕ ಬಂಧುಗಳ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲಿನ ಕೆಲಸ ಮುಗಿಸಿ ಬಂದವರೂ ರಾತ್ರಿ ಪಾಳಿಯಿಂದ ನೇರವಾಗಿ ಬಂದವರೂ ಇಲ್ಲಿದ್ದೀರಿ. ಆದುದರಿಂದ ಪೀಠಿಕೆ ಬೆಳೆಸುವುದಿಲ್ಲ. ಹೊರಗೆ ನಿಲ್ಲಿಸಿರುವ ಗಾಡಿಗಳಲ್ಲಿ ಮೂರು ಹಳೆಯ ಜಾವಾ, ಯೆಜ್ಡಿಗಳನ್ನು ಕಂಡೆ. ಮೂರರ ಕೆಳಗೂ ನೆಲದ ಮೇಲೆ ಎಣ್ಣೆಯ ಕಲೆ ಇದೆ. ಕೇಳಿದರೆ ಒಬ್ಬರು, "ಹಳೇ ಗಾಡಿ ಸ್ವಾಮಿ, ಸೋರುವುದು ಅದರ ಗುಣ" ಎಂದು ನಕ್ಕರು. ಈ ಮಾತನ್ನು ನಾನು ಒಪ್ಪಲಾರೆ. ವಯಸ್ಸಾಯಿತೆಂದು ಲೋಹ ಎಣ್ಣೆ ಬಿಡುವುದಿಲ್ಲ. ಸೋರಿಕೆಗೆ ಒಂದು ಜಾಗವಿದೆ, ಒಂದು ಕಾರಣವಿದೆ. ಅದನ್ನು ಕಂಡುಹಿಡಿಯುವ ತನಕ ಸ್ಪ್ಯಾನರು ಮುಟ್ಟಬಾರದು.

ಇಷ್ಟು ಬಿಗಿಯಾಗಿ ಹೇಳುವುದಕ್ಕೆ ಕಾರಣವುಂಟು. ಈ ಗಾಡಿ ನಮ್ಮ ಮೈಸೂರಿನದು. ಚೆಕೊಸ್ಲೊವಾಕಿಯದ ಜಾವಾ ಕಂಪನಿಯ ಪರವಾನಗಿ ಪಡೆದು ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಅಲ್ಲಿ ಅದನ್ನು ತಯಾರಿಸಿತು. ಮುಂದೆ 1970ರ ದಶಕದಲ್ಲಿ ಅದೇ ಯಂತ್ರ ಯೆಜ್ಡಿ ಎಂಬ ಹೆಸರು ಪಡೆಯಿತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು, ಕೆಲಸಗಾರರು ಬೀದಿಗೆ ಬಂದರು. 2018ರಲ್ಲಿ ಜಾವಾ ಹೆಸರಿನ ಹೊಸ ಗಾಡಿ ಬಂದಿತಾದರೂ ಅದರ ಎಂಜಿನ್ನು ಬೇರೆ ಜಾತಿಯದು, ಫೋರ್ ಸ್ಟ್ರೋಕಿನದು. ಅದರ ಭಾಗ ಇದಕ್ಕೆ ಕೂರದು. ನಮ್ಮ ಹಳೆಯ ಎಂಜಿನ್ನಿನ ಹೊಟ್ಟೆ ಎರಡು ಅಲ್ಯುಮಿನಿಯಂ ಹೋಳುಗಳಿಂದ ಕೂಡಿದ್ದು. ಅವು ಜೋಡಿಯಾಗಿ ಕೊರೆದವು. ಸಂದಿಯಲ್ಲಿ ಸ್ಕ್ರೂಡ್ರೈವರ್ ಹೆಟ್ಟಿ ಮೀಟಿ ಒಂದರ ಮುಖ ಕೆಡಿಸಿದರೆ ಎರಡೂ ಕೆಟ್ಟಂತೆಯೇ. ಕಾರ್ಖಾನೆಯಿಂದ ಇನ್ನೊಂದು ಜೊತೆ ತರಿಸೋಣವೆಂದರೆ ಕಾರ್ಖಾನೆಯೇ ಇಲ್ಲ.

ಹೋಟೆಲ್ ಕೆಲಸದ ಹುಡುಗನೊಬ್ಬನಿಗೆ ಗ್ಯಾರೇಜಿನವನೊಬ್ಬ "ಪೂರಾ ಎಂಜಿನ್ ಇಳಿಸಬೇಕು" ಎಂದು ಹೇಳಿ ಅರ್ಧ ತಿಂಗಳ ಸಂಬಳದಷ್ಟು ಕೇಳಿದ್ದ. ನೋಡಿದರೆ ಸೋರುತ್ತಿದ್ದದ್ದು ಎಂಜಿನ್ನಲ್ಲ, ಕಾರ್ಬುರೇಟರು. ಇದು ಹೇಗೆಂದು ವಿವರಿಸುತ್ತೇನೆ, ಏಕೆಂದರೆ ಬಹಳ ಮಂದಿ ಮೋಸ ಹೋಗುವುದು ಇಲ್ಲಿಯೇ. ಟೂ ಸ್ಟ್ರೋಕ್ ಗಾಡಿಯ ಪೆಟ್ರೋಲಿನಲ್ಲೇ ಎಣ್ಣೆ ಬೆರೆತಿರುತ್ತದೆ. ರಾತ್ರಿ ಪೆಟ್ರೋಲಿನ ನಲ್ಲಿ ಮುಚ್ಚದೆ ಬಿಟ್ಟರೆ, ಕಾರ್ಬುರೇಟರಿನ ಸೂಜಿ ಸರಿಯಾಗಿ ಕೂರದಿದ್ದರೆ, ಹನಿ ಹನಿಯಾಗಿ ಎಂಜಿನ್ನಿನ ಮೇಲೆ ಇಳಿಯುತ್ತದೆ. ಬೆಳಗಾಗುವುದರೊಳಗೆ ಪೆಟ್ರೋಲು ಆರಿಹೋಗುತ್ತದೆ, ಎಣ್ಣೆ ಮಾತ್ರ ಉಳಿಯುತ್ತದೆ. ನೋಡಿದವನು ಎಂಜಿನ್ ಒಡೆದಿದೆ ಎನ್ನುತ್ತಾನೆ. ಮದ್ದು ಏನು? ನಲ್ಲಿ ಮುಚ್ಚುವುದು, ಸೂಜಿ ಮತ್ತು ಅದರ ಪೀಠವನ್ನು ಶುಚಿಮಾಡುವುದು, ಸವೆದಿದ್ದರೆ ಬದಲಿಸುವುದು.

ಈ ಯಂತ್ರದಲ್ಲಿ ಎಣ್ಣೆ ಇರುವುದು ಎರಡು ಕಡೆ. ಒಂದು, ಈಗ ಹೇಳಿದ ಪೆಟ್ರೋಲಿನಲ್ಲಿ. ಇನ್ನೊಂದು ಗೇರ್ ಪೆಟ್ಟಿಗೆಯಲ್ಲಿ; ಕ್ಲಚ್ಚು ಮತ್ತು ಒಳಗಿನ ಚೈನು ಮೀಯುವುದೂ ಅದೇ ಎಣ್ಣೆಯಲ್ಲಿ, ಸುಮಾರು ಒಂದು ಲೀಟರು. ಹಾಗಾಗಿ ಬಣ್ಣ, ವಾಸನೆಯಿಂದಲೇ ಅರ್ಧ ರೋಗ ತಿಳಿಯುತ್ತದೆ. ರಾತ್ರಿ ಗಾಡಿಯ ಕೆಳಗೆ ಹಳೆಯ ವೃತ್ತಪತ್ರಿಕೆ ಹಾಸಿ, ಮುಂದಿನ ಚಕ್ರ ಯಾವ ಕಡೆಯೆಂದು ಗುರುತು ಹಾಕಿರಿ. ತೆಳ್ಳಗೆ ಹರಡಿ ಪೆಟ್ರೋಲ್ ನಾತ ಹೊಡೆದರೆ ಕಾರ್ಬುರೇಟರು. ಮಂದವಾಗಿ ಕಂದಾಗಿದ್ದರೆ ಗೇರ್ ಎಣ್ಣೆ. ಕೀಲೆಣ್ಣೆಯಂತೆ ಕಪ್ಪಗೆ, ಸುಟ್ಟ ವಾಸನೆಯದಾದರೆ ಹೊಗೆಕೊಳವೆಯ ಬಾಯಿಯದು. ಅದು ಸೋರಿಕೆ ಎನ್ನುವುದಕ್ಕಿಂತ ಅತಿಯಾಗಿ ಎಣ್ಣೆ ಬೆರೆಸಿದ್ದರ ಫಲ. 25 ಭಾಗ ಪೆಟ್ರೋಲಿಗೆ 1 ಭಾಗ, ಅಂದರೆ ಲೀಟರಿಗೆ 40 ಮಿಲಿಲೀಟರ್ ಎಂಬುದು ಹಳೆಯ ಜಾವಾದ ಲೆಕ್ಕ. "ಇರಲಿ, ಇನ್ನೊಂದು ಸುರಿ" ಎನ್ನುವ ಉದಾರಿಗಳು ಬಹಳ.

ಹನಿ ಬಿದ್ದ ಜಾಗವೇ ಸೋರಿದ ಜಾಗವೆಂದು ತಿಳಿಯಬೇಡಿ. ಎಣ್ಣೆ ಕೆಳಗಿಳಿಯುತ್ತದೆ, ಓಡುವಾಗ ಗಾಳಿಗೆ ಹಿಂದಕ್ಕೆ ಹೋಗುತ್ತದೆ. ಕಾತ್ರಜ್ ಘಾಟಿ ಹತ್ತಿ ಇಳಿದ ಗಾಡಿಯ ಹಿಂಭಾಗವೆಲ್ಲಾ ಎಣ್ಣೆಯಾಗಿದ್ದರೂ ಮೂಲ ಮುಂದೆ, ಮೇಲೆ ಇರಬಹುದು. ಗಿರಣಿಯಲ್ಲಿ ಬಟ್ಟೆಯ ಮೇಲೆ ಎಣ್ಣೆ ಕಲೆ ಬಿದ್ದಾಗ ಬಟ್ಟೆಯನ್ನು ಬೈದು ಪ್ರಯೋಜನವೇ? ಯಾವ ಬೇರಿಂಗಿನಿಂದ ಬಂತೆಂದು ಮೇಲೆ ಮೇಲೆ ಹುಡುಕುತ್ತೀರಿ. ಇಲ್ಲಿಯೂ ಹಾಗೆಯೇ. ಎಂಜಿನ್ ತಣ್ಣಗಿರುವಾಗ ಸೀಮೆಎಣ್ಣೆಯಿಂದ ತೊಳೆದು ಒರೆಸಿ, ಪೂರಾ ಒಣಗಿಸಿ, ಮುಖಕ್ಕೆ ಹಾಕುವ ಪೌಡರನ್ನು ತೆಳ್ಳಗೆ ಉದುರಿಸಿರಿ. (ಮೈದಾ ಹಿಟ್ಟೂ ಆದೀತು, ಮಾಲೀಕರನ್ನು ಕೇಳಿ ತೆಗೆದುಕೊಳ್ಳಿ!) ಹತ್ತು ನಿಮಿಷ ಓಡಿಸಿ ನಿಲ್ಲಿಸಿ ನೋಡಿದರೆ ಬಿಳಿಯ ಮೇಲೆ ಒದ್ದೆ ಗೆರೆ ಎಲ್ಲಿ ಶುರುವಾಗಿದೆಯೋ ಅದೇ ಮೂಲ.

ಈಗ ಕಾರಣ. ನಿಮಗೆ ಕುಕ್ಕರು ಗೊತ್ತು. ಸೀಟಿಯ ರಂಧ್ರದಲ್ಲಿ ಅನ್ನದ ಅಗಳು ಸಿಕ್ಕಿಕೊಂಡರೆ ಆವಿ ರಬ್ಬರಿನ ಬದಿಯಿಂದ ನುಗ್ಗುತ್ತದೆ. ಹೊಸ ರಬ್ಬರು ಹಾಕಿದರೂ ನುಗ್ಗುತ್ತದೆ. ಗೇರ್ ಪೆಟ್ಟಿಗೆಗೂ ಉಸಿರಾಡುವ ಸಣ್ಣ ರಂಧ್ರವಿದೆ. ಎಂಜಿನ್ ಕಾದಾಗ ಒಳಗಿನ ಗಾಳಿ ಹಿಗ್ಗಿ ಅಲ್ಲಿಂದ ಹೊರಡಬೇಕು. ಮಣ್ಣು, ಜಿಡ್ಡು ಕಟ್ಟಿ ಅದು ಮುಚ್ಚಿದ್ದರೆ ಎಣ್ಣೆ ಸೀಲುಗಳನ್ನು ದಾಟಿ ಬರುತ್ತದೆ. ಅಳತೆ ಮೀರಿ ಎಣ್ಣೆ ತುಂಬಿದರೂ ಇದೇ ಗತಿ. ಪ್ಯಾಕಿಂಗ್ ಬದಲಿಸುವ ಮೊದಲು ಈ ಎರಡನ್ನು ನೋಡಿರಿ, ಕಾಸು ಖರ್ಚಿಲ್ಲ.

ಕ್ಲಚ್ ಕವರಿನ ಅಂಚಿನಲ್ಲೇ ಸೋರುತ್ತಿದ್ದರೆ ಪ್ಯಾಕಿಂಗ್ ಬದಲಿಸಬೇಕು. ಎಣ್ಣೆ ಬಸಿದು, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಸಡಿಲಿಸಿ, ಮರದ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ತೆಗೆಯಿರಿ. ಹಳೆಯ ಕಾಗದವನ್ನು ಗರಗಸದ ಬ್ಲೇಡಿನಿಂದ ಕೆರೆಯುವವರನ್ನು ನೋಡಿದರೆ ನನಗೆ ಹೊಟ್ಟೆಯಲ್ಲಿ ಕಿವುಚಿದಂತಾಗುತ್ತದೆ. ಬಿದಿರಿನ ಚಕ್ಕೆ ಸಾಕು. ಕವರನ್ನು ಗಾಜಿನ ಹಲಗೆಯ ಮೇಲೆ ಮಗುಚಿಟ್ಟು ಎಲ್ಲಿಯಾದರೂ ಅಲ್ಲಾಡುತ್ತದೆಯೇ ನೋಡಿರಿ. ಸಿಲಿಕೋನ್ ಅಂಟನ್ನು ದೋಸೆಗೆ ಬೆಣ್ಣೆ ಮೆತ್ತಿದಂತೆ ಮೆತ್ತಬೇಡಿ. ಒಳಕ್ಕೆ ಉಕ್ಕಿದ್ದು ತುಂಡಾಗಿ ಎಣ್ಣೆಯೊಳಗೆ ತಿರುಗುತ್ತದೆ. ಕಿಕ್ ಮತ್ತು ಗೇರು ಎರಡಕ್ಕೂ ಒಂದೇ ಲಿವರು ಇರುವುದು ಈ ಗಾಡಿಯ ವಿಶೇಷ. ಅದರ ದಂಡದ ಸುತ್ತ ಜಿನುಗುತ್ತಿದ್ದರೆ ಅಲ್ಲಿಯ ರಬ್ಬರು ಬಳೆ ಗಟ್ಟಿಯಾಗಿದೆ ಎಂದೇ ಅರ್ಥ.

ಕಷ್ಟವಾದದ್ದು, ಹೊರಗೆ ಒಂದು ಹನಿಯೂ ಬೀಳದ ಸೋರಿಕೆ. ಕ್ರ್ಯಾಂಕಿಗೂ ಒಳಚೈನಿನ ಅರೆಗೂ ನಡುವಿನ ಸೀಲು ಹರಿದರೆ ಎಂಜಿನ್ನೇ ಗೇರ್ ಎಣ್ಣೆಯನ್ನು ಹೀರಿ ಸುಡುತ್ತದೆ. ಬಿಳಿ ಹೊಗೆ ನಿಲ್ಲುವುದಿಲ್ಲ, ಪ್ಲಗ್ಗು ಒದ್ದೆ, ಗೇರ್ ಎಣ್ಣೆ ವಾರವಾರ ಇಳಿಯುತ್ತದೆ. ಕೆಲವೊಮ್ಮೆ ತಿರುಗುಮುರುಗಾಗಿ ಪೆಟ್ರೋಲೇ ಗೇರ್ ಎಣ್ಣೆಗೆ ಸೇರುತ್ತದೆ, ಮೂಸಿದರೆ ತಿಳಿಯುತ್ತದೆ. ಡೈನಮೋ ಕಡೆಯ ಸೀಲು ಹೋದರೆ ಹೊರಗಿನ ಗಾಳಿ ಒಳಸೇರಿ ಎಂಜಿನ್ ತಾನಾಗಿ ಏರುಸ್ವರದಲ್ಲಿ ಕೂಗುತ್ತದೆ, ವಿಪರೀತ ಕಾದು ಪಿಸ್ಟನ್ನು ಹಿಡಿದುಕೊಳ್ಳುವ ಅಪಾಯವಿದೆ. ಓಡುವಾಗ ಹಿಡಿದರೆ ಹಿಂದಿನ ಚಕ್ರವೇ ನಿಂತೀತು. ಇದನ್ನು ನಾಳೆ ನೋಡೋಣವೆಂದು ತಳ್ಳಬಾರದು.

ಅನುಮಾನ ನಿವಾರಣೆಗೆ ಒಂದು ಉಪಾಯ. ಕಾರ್ಬುರೇಟರಿನ ಮತ್ತು ಹೊಗೆಕೊಳವೆಗಳ ಬಾಯಿಗಳಿಗೆ ರಬ್ಬರು ಬಿರಡೆ ಬಿಗಿದು, ಡಾಕ್ಟರು ರಕ್ತದೊತ್ತಡ ನೋಡುವ ಬುರುಡೆಯಿಂದ ಒಳಕ್ಕೆ ಗಾಳಿ ಹಾಕಿರಿ. ಮುಳ್ಳು 300ಕ್ಕೆ ಬರಲಿ, ಅದಕ್ಕಿಂತ ಹೆಚ್ಚು ಬೇಡ. ಕೆಲವು ನಿಮಿಷ ನಿಂತರೆ ಸೀಲುಗಳು ಸರಿಯಿವೆ. ಸರಸರ ಇಳಿದರೆ ಸೋಪಿನ ನೊರೆ ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಿರಿ. ಎಂಜಿನ್ ಬಿಚ್ಚಲೇಬೇಕೋ ಬೇಡವೋ ಎಂಬ ಪ್ರಶ್ನೆಗೆ ಇದಕ್ಕಿಂತ ಅಗ್ಗದ ಉತ್ತರ ನನಗೆ ಗೊತ್ತಿಲ್ಲ.

ಬುಲೆಟ್ ಇರುವವರು ಹಿಂದಿನ ಸಾಲಿನಲ್ಲಿ ಕೈ ಎತ್ತುತ್ತಿದ್ದಾರೆ. 1955ರಿಂದ ಮದ್ರಾಸಿನಲ್ಲಿ ತಯಾರಾದ ಆ ಗಾಡಿಯದು ಫೋರ್ ಸ್ಟ್ರೋಕು. ಅಲ್ಲಿ ಪಂಪು ಎಣ್ಣೆಯನ್ನು ತಳ್ಳುತ್ತದೆ. ಹಳೆಯ ಬುಲೆಟ್ಟು ವಾರಗಟ್ಟಲೆ ನಿಂತರೆ ಎಣ್ಣೆ ಕ್ರ್ಯಾಂಕಿನ ಅರೆಗೆ ಇಳಿದು ತುಂಬುತ್ತದೆ, ಶುರುಮಾಡಿದಾಗ ಉಸಿರುಕೊಳವೆಯಿಂದ ಉಗುಳುತ್ತದೆ. ಆಗ ಅಳತೆಕಡ್ಡಿ ನೋಡಿ ಎಣ್ಣೆ ಕಡಿಮೆಯಿದೆ ಎಂದು ಮತ್ತೆ ಸುರಿಯಬೇಡಿ. ಸ್ವಲ್ಪ ಓಡಿಸಿ ಎಣ್ಣೆ ಮರಳಿದ ಮೇಲೆ ಅಳೆಯಿರಿ.

ಸೀಲು ಕೊಳ್ಳಲು ನಾನಾ ಪೇಟೆಗೆ ಹೋಗುವಾಗ ಹಳೆಯದನ್ನು ಜೇಬಿನಲ್ಲಿಟ್ಟುಕೊಳ್ಳಿ. ಅದರ ಮುಖದ ಮೇಲೆ ಒಳವ್ಯಾಸ, ಹೊರವ್ಯಾಸ, ದಪ್ಪ ಅಚ್ಚಾಗಿರುತ್ತವೆ. ಅದು ಯಾವ ಮುಖವಾಗಿ ಕೂತಿತ್ತೆಂದು ತೆಗೆಯುವ ಮೊದಲೇ ಬರೆದುಕೊಳ್ಳಿ. ಹೊಸದರ ತುಟಿಗೆ ಎಣ್ಣೆ ಸವರಿ, ಓರೆಯಾಗದಂತೆ ಸಮನಾಗಿ ಒತ್ತಿರಿ. ದಂಡದ ಮೇಲೆ ಉಗುರಿಗೆ ಸಿಕ್ಕುವಷ್ಟು ಗೀರು ಬಿದ್ದಿದ್ದರೆ ಹೊಸ ಸೀಲೂ ನಿಲ್ಲದು, ಟರ್ನರನ್ನು ಕಾಣಬೇಕು. ನಮ್ಮಲ್ಲೇ ಇಬ್ಬರು ಟರ್ನರುಗಳು ಕೂತಿದ್ದಾರೆ. ಸಭೆ ಮುಗಿದ ಮೇಲೆ ಅವರನ್ನು ಹಿಡಿಯಿರಿ.